ಒಂಬತ್ತು ದಿನ ಕೊಡದ ಕಾಗದ

ಮಲಪ್ರಭೆಯ ದಂಡೆಯ ಮೇಲೆ ಒಂದು ಸಣ್ಣ ಮಠ. ಎರಡು ಕೋಣೆ, ಮುಂದೊಂದು ಕಟ್ಟೆ, ಹೊಳೆಗೆ ಇಳಿಯಲು ಏಳೆಂಟು ಮೆಟ್ಟಿಲು. ಅಲ್ಲಿ ಅಡವಯ್ಯ ಎಂಬ ಮುದುಕರು ಒಬ್ಬರೇ ಇದ್ದರು. ಊರವರು ಅವರನ್ನು ಅಜ್ಜ ಎನ್ನುತ್ತಿದ್ದರು.

ಅವರಿಗೆ ಶಿಷ್ಯ ಅಂತ ಇದ್ದವನು ಒಬ್ಬನೇ, ಊರಿನ ಪೋಸ್ಟ್‌ಮನ್ ದ್ಯಾಮಣ್ಣ. ವಯಸ್ಸು ಐವತ್ತು.

ಹನ್ನೊಂದು ವರ್ಷದಿಂದ ಅವನ ಪದ್ಧತಿ ಒಂದೇ. ಟಪಾಲು ಹಂಚಿ ಮುಗಿದ ಮೇಲೆ ಸೈಕಲ್ಲನ್ನು ಮಠದ ಗೋಡೆಗೆ ಒರಗಿಸಿ ಅಜ್ಜನ ಎದುರು ಒಂದು ತಾಸು ಕೂರುವುದು. ಕೆಲವು ದಿನ ಏನಾದರೂ ಕೇಳುತ್ತಿದ್ದ. ಕೆಲವು ದಿನ ಇಬ್ಬರೂ ಸುಮ್ಮನೆ ಹೊಳೆ ನೋಡುತ್ತಿದ್ದರು.

ಆ ಮಂಗಳವಾರ ಅವನು ಕೂರುವ ಮೊದಲೇ ಕೇಳಿದ.

“ಅಜ್ಜಾರ, ಒಂದು ಸುಳ್ಳಿನಿಂದ ಒಂದು ಜೀವ ಉಳಿಯೂದಿದ್ರ, ಆ ಸುಳ್ಳು ಹೇಳಬಹುದೇನ್ರಿ?”

“ಯಾರ ಜೀವ?”

“ನನ್ನ ಮಗಂದು.”

“ಭೀಮಶಿಗೆ ಏನಾಗೇತಿ?”

“ಏನೂ ಆಗಿಲ್ರಿ. ಕಲ್ಲಿನಂಗ ಅದಾನ.”

“ಮತ್ತ ಯಾವುದರಿಂದ ಉಳಸತಿ?”

ದ್ಯಾಮಣ್ಣ ಕಟ್ಟೆಯ ಮೇಲೆ ಕೂತು ಖಾಕಿ ಅಂಗಿಯ ಒಳಗಿನಿಂದ ಒಂದು ಲಕೋಟೆ ತೆಗೆದ. ಕಂದು ಬಣ್ಣದ ಸರಕಾರಿ ಲಕೋಟೆ. ಬೆವರಿಗೆ ಅದರ ಮೂಲೆಗಳು ಮೆತ್ತಗಾಗಿದ್ದವು.

“ಮಿಲ್ಟ್ರಿಯಿಂದ ಬಂದೈತ್ರಿ, ಅವನ ಹೆಸರಿಗೆ. ಬಂದು ಒಂಬತ್ತು ದಿನ ಆತು.”

“ಒಡದು ನೋಡಿದಿ?”

“ಇಲ್ರಿ. ಇನ್ನೊಬ್ಬರ ಕಾಗದ ನಾ ಎಂದೂ ಒಡದಿಲ್ಲ.”

ಅಜ್ಜ ಅವನನ್ನೇ ನೋಡಿದರು. ದ್ಯಾಮಣ್ಣ ತಲೆ ತಗ್ಗಿಸಿದ.

“ಅವನ ಜೋಡಿ ಆಯ್ಕೆ ಆದ ಇನ್ನಿಬ್ಬರು ಹುಡುಗರಿಗೂ ಬಂದಿತ್ರಿ. ಅವರದು ಅವತ್ತ ಕೊಟ್ಟು ಬಂದೆ. ಅವರು ಹೇಳಿದ್ರು, ಬರೂ ಸೋಮವಾರದೊಳಗ ಹೋಗಿ ಹಾಜರಾಗಬೇಕಂತ. ಆಗಲಿಲ್ಲಂದ್ರ ಹೆಸರು ಹೊಡದು ಹಾಕತಾರಂತ.”

“ಭೀಮಶಿ ಏನಂತಾನ?”

“ದಿನಾ ಸಂಜೀಕ ಬಾಗಲದಾಗ ನಿಂತು ಕೇಳತಾನ್ರಿ, ಅಪ್ಪಾ ನನಗೇನರ ಬಂತ ಅಂತ. ಇಲ್ಲ ತಮ್ಮಾ ಅಂತೇನಿ. ಮೊದಲ ಎರಡು ದಿನ, ನಾಳೆ ಬರತೈತಿ ಬಿಡು ಅಂದ. ಅವರಿಬ್ಬರಿಗೂ ಬಂದದ್ದು ಅವಗ ಗೊತ್ತೈತಿ. ಈಗ ಏನೂ ಅನ್ನೂದಿಲ್ಲ.”

ಲಕೋಟೆಯ ಮೂಲೆ ನೇರ ಮಾಡುತ್ತ ಮತ್ತೆ ಹೇಳಿದ.

“ಎರಡು ವರ್ಷದಿಂದ ನಸುಕಿನ್ಯಾಗ ಎದ್ದು ಕೆನಾಲ್ ದಂಡಿ ಮ್ಯಾಲ ಓಡತಿದ್ದ. ನಾಕು ದಿನ ಆತು, ಓಡೂದು ಬಿಟ್ಟಾನ. ಬಿಸಲು ಏರಿದ್ರೂ ಮಾರಿ ಮ್ಯಾಲ ಹೊದಿಕಿ ಎಳಕೊಂಡು ಮಲಗಿರತಾನ.”

ಅಜ್ಜ ಕೈ ಚಾಚಿದರು. ದ್ಯಾಮಣ್ಣ ಲಕೋಟೆ ಕೊಟ್ಟ. ಅಜ್ಜ ಅದನ್ನು ಮಗ್ಗುಲಲ್ಲಿ ಇಟ್ಟುಕೊಂಡರು.

“ಆತು. ಹಂಗಾರ ಒಂದು ಕೆಲಸ ಮಾಡು. ನಾಳೆ ಭೀಮಶಿನ್ನ ಇಲ್ಲಿ ತಂದು ಬಿಡು.”

“ಯಾಕ್ರಿ?”

“ಒಳಗಿನ ಕೋಣಿ ಖಾಲಿ ಐತಿ. ನಾ ಕಾಯತೇನಿ. ಹೊಳಿಗೆ ಇಳಿಯಾಕ ಬಿಡೂದಿಲ್ಲ, ಸುಳಿ ಅದಾವು. ಗಿಡಾ ಹತ್ತಾಕ ಬಿಡೂದಿಲ್ಲ. ರಸ್ತೇಕ್ಕ ಹೋಗಾಕ ಬಿಡೂದಿಲ್ಲ, ಕಬ್ಬಿನ ಲಾರಿ ಓಡಾಡತಾವು. ಎಪ್ಪತ್ತು ವರ್ಷ ಆಗೂತನ ಇಲ್ಲೇ ಇರಲಿ.”

“ಚಾಷ್ಟಿ ಮಾಡಬ್ಯಾಡ್ರಿ ಅಜ್ಜಾರ.”

“ಚಾಷ್ಟಿ ಅಲ್ಲ. ನೀ ಒಂದು ಬಾಗಲಾ ಹಾಕಿದಿ. ಉಳದ ಬಾಗಲಾ ಯಾರು ಹಾಕಬೇಕು?”

ದ್ಯಾಮಣ್ಣನ ಮುಖ ಬಿಸಿಯಾಯಿತು. ಹನ್ನೊಂದು ವರ್ಷದಲ್ಲಿ ಅವನು ಗುರುವಿನ ಎದುರು ದನಿ ಏರಿಸಿರಲಿಲ್ಲ.

“ನಿಮಗ ಮಕ್ಕಳಿಲ್ರಿ. ನಿಮಗ ಹೇಳೂದು ಸಸಾರ.”

“ಹೌದು,” ಅಂದರು ಅಜ್ಜ. “ಬಾಳ ಸಸಾರ. ಅದಕ್ಕ ನಾ ಹೇಳೂದಿಲ್ಲ. ಬಾಳವ್ವನ ಕಡೆ ಹೋಗು. ಆಕಿ ಹೇಳಲಿ.”

ದ್ಯಾಮಣ್ಣ ಥಟ್ಟನೆ ಎದ್ದು ನಿಂತ.

“ಅಲ್ಲಿಗೆ ಬ್ಯಾಡ್ರಿ.”

ಬಾಳವ್ವ ಗಂಡನಿಲ್ಲದ ಹೆಂಗಸು. ಒಬ್ಬನೇ ಮಗ ಸೈನ್ಯಕ್ಕೆ ಸೇರಿದ್ದ. ಏಳು ವರ್ಷದ ಹಿಂದೆ ಗಡಿಯಲ್ಲಿ ತೀರಿಕೊಂಡ. ಆಗೆಲ್ಲ ದೇಹ ಊರಿಗೆ ಬರುತ್ತಿರಲಿಲ್ಲ, ಸುದ್ದಿ ಮಾತ್ರ ಬರುತ್ತಿತ್ತು. ಊರಿಗೆ ಇನ್ನೂ ಫೋನು ಇರಲಿಲ್ಲ. ಸುದ್ದಿ ತಂತಿಯಲ್ಲಿ ಬಂತು.

“ಆ ತಂತಿ ತಂದಾಂವ ನಾನ್ರಿ,” ಅಂದ ದ್ಯಾಮಣ್ಣ.

“ಗೊತ್ತೈತಿ.”

“ಅದರಾಗ ಇದ್ದದ್ದು ಒಂದು, ನಾ ಓದಿ ಹೇಳಿದ್ದು ಒಂದು. ಅದು ನಿಮಗ ಗೊತ್ತಿಲ್ರಿ.”

ಅಜ್ಜ ಅವನತ್ತ ತಿರುಗಿ ಕೂತರು.

“ಆಕಿಗೆ ಓದಾಕ ಬರೂದಿಲ್ಲ. ಏನೈತಿ ಓದು ದ್ಯಾಮಣ್ಣ ಅಂತ ಬಾಗಲದಾಗ ಕುಂತಳು. ಕೈಯಾಗ ಸೊಪ್ಪು ಸೋಸೂದು ಹಂಗ ಇತ್ತು. ನನಗ ಬಾಯಿ ಬರಲಿಲ್ರಿ. ನಿನ್ನ ಮಗಗ ಜಡ್ಡಾಗೇತಿ, ದವಾಖಾನ್ಯಾಗ ಅದಾನಂತ ಓದಿಬಿಟ್ಟೆ. ಎರಡು ದಿನ ಬಿಟ್ಟು ಪೋಸ್ಟ್ ಮಾಸ್ತರು ಹೋಗಿ ಖರೇ ಹೇಳಿದ್ರು.”

“ಆಮ್ಯಾಲ?”

“ಆಮ್ಯಾಲ ನಾ ಆ ಓಣಿ ತುಳದಿಲ್ರಿ. ಆಕಿ ಕಾಗದ ಬಂದ್ರ ಬಾಜೂ ಮನ್ಯಾವರ ಕೈಯಾಗ ಕೊಟ್ಟು ಕಳಸತೇನಿ.”

“ನಾ ಸುಳ್ಳು ಓದಿದೆ ಅಂತ ಆಕಿಗೆ ಹೇಳೀಯೇನು?”

“ಏನು ಹೇಳೂದ್ರಿ? ಆಕಿಗೆ ಗೊತ್ತಾಗೇತಲ್ಲ.”

“ಆಕಿಗೆ ಗೊತ್ತಾಗೂದು ಬ್ಯಾರೆ. ನೀ ಹೇಳೂದು ಬ್ಯಾರೆ.”

ಅಜ್ಜ ಲಕೋಟೆಯನ್ನು ಎತ್ತಿ ಅವನ ಕೈಯಲ್ಲಿ ಇಟ್ಟರು.

“ಇದನ್ನೂ ತಗೊಂಡು ಹೋಗು. ಈ ಮಠದಾಗ ಈ ಹೆಸರಿನಾವರು ಯಾರೂ ಇಲ್ಲ.”

*

ಮಗ ಹೋದ ಮೇಲೆ ಸರಕಾರದಿಂದ ಬಂದ ದುಡ್ಡಿನಲ್ಲಿ ಬಾಳವ್ವ ಒಂದು ಹಿಟ್ಟಿನ ಗಿರಣಿ ಹಾಕಿಕೊಂಡಿದ್ದಳು. ದ್ಯಾಮಣ್ಣ ಹೋದಾಗ ಗಿರಣಿ ಓಡುತ್ತಿತ್ತು. ನಾಲ್ಕು ಮಂದಿ ಹೆಂಗಸರು ಜೋಳದ ಡಬ್ಬಿ ಇಟ್ಟುಕೊಂಡು ಪಾಳಿ ಹಚ್ಚಿ ಕೂತಿದ್ದರು. ಬಾಳವ್ವನ ಹುಬ್ಬು, ತಲೆ, ತೋಳು ಎಲ್ಲ ಹಿಟ್ಟಿನಿಂದ ಬೆಳ್ಳಗಾಗಿದ್ದವು.

ಅವಳು ಇವನನ್ನು ನೋಡಿದಳು. ಹೋಗಿ ಸ್ವಿಚ್ ಆರಿಸಿದಳು. ಗಿರಣಿಯ ಪಟ್ಟಾ ತಿರುಗಿ ತಿರುಗಿ ನಿಂತಿತು.

“ಕರೆಂಟ್ ಹೋತೇನ ಬಾಳವ್ವ?” ಒಬ್ಬಳು ಕೇಳಿದಳು.

“ಇಲ್ಲ, ನಾನ ಬಂದ್ ಮಾಡೇನಿ. ಅರ್ಧಾ ತಾಸು ಬಿಟ್ಟು ಬರ್ರಿ.”

ಹೆಂಗಸರು ಡಬ್ಬಿಗಳನ್ನು ಅಲ್ಲೇ ಬಿಟ್ಟು ಎದ್ದು ಹೋದರು.

“ಏಳು ವರ್ಷ ಆತು ದ್ಯಾಮಣ್ಣ, ನೀ ಈ ಓಣಿಗೆ ಬಂದು.”

“ಹೌದಕ್ಕಾ.”

“ಕುಂದರು.”

ದ್ಯಾಮಣ್ಣ ಕೂರಲಿಲ್ಲ.

“ಅವತ್ತ ನಾ ನಿನಗ ಸುಳ್ಳು ಓದಿ ಹೇಳಿದೆ ಅಕ್ಕಾ.”

“ಗೊತ್ತೈತಿ.”

“ಎರಡು ದಿನಾ ಆದ್ರೂ ನೀ ಸಮಾಧಾನದಿಂದ ಇರಲಿ ಅಂತ…”

“ಸಮಾಧಾನ?” ಬಾಳವ್ವ ಸೆರಗಿನಿಂದ ಕೈ ಒರೆಸಿಕೊಂಡಳು. “ಆ ಎರಡು ದಿನಾ ನಾ ಏನು ಮಾಡಿದೆ ಗೊತ್ತೈತೇನು? ರೊಟ್ಟಿ ಬಡದೆ. ಶೇಂಗಾದ ಚಟ್ನಿ ಕುಟ್ಟಿದೆ, ಅವಗ ಸೇರತಿತ್ತು. ನಮ್ಮ ಅಣ್ಣ ಬಂದು ಕರಕೊಂಡು ಹೋಗತಾನಂತ ಗಂಟು ಕಟ್ಟಿಕೊಂಡು ಕಟ್ಟಿ ಮ್ಯಾಲ ಕುಂತೆ. ಹಾದಿಗುಂಟ ಹೋಗೂ ಮಂದಿಗೆಲ್ಲಾ ಹೇಳಿದೆ, ಮಗನ್ನ ನೋಡಾಕ ಹೊಂಟೇನಿ ಅಂತ. ನಕ್ಕೋತ ಹೇಳಿದೆ ದ್ಯಾಮಣ್ಣ. ಅಲ್ಲಿ ಅವನ ಮಣ್ಣು ಮುಗದಿತ್ತು. ಇಲ್ಲಿ ನಾ ನಗತಿದ್ದೆ.”



“ತಪ್ಪಾತಕ್ಕಾ.”

“ಹ್ಞೂಂ. ತಪ್ಪಾತು.”

ಇರಲಿ ಬಿಡು ಅಂತ ಅವಳು ಅನ್ನಲಿಲ್ಲ.

“ಇವತ್ತ ಯಾಕ ಬಂದಿ?”

ದ್ಯಾಮಣ್ಣ ಲಕೋಟೆ ತೋರಿಸಿದ. ಅವಳಿಗೆ ಓದಲು ಬಾರದಿದ್ದರೂ ಅದರ ಬಣ್ಣ ಗೊತ್ತಿತ್ತು.

“ಇಂಥಾದ್ದ ನಮ್ಮ ಮನಿಗೂ ಬಂದಿತ್ತು. ನೀನ ತಂದು ಕೊಟ್ಟಿದ್ದಿ. ಅವ ನಿನ್ನ ಕೈಯಾಗ ಬೆಲ್ಲಾ ಇಟ್ಟ.”

“ನೆನಪೈತಿ.”

“ಭೀಮಶಿದೇನು?”

“ಹೌದು. ಒಂಬತ್ತು ದಿನ ಆತು. ಕೊಟ್ಟಿಲ್ಲ.”

ದ್ಯಾಮಣ್ಣ ಧೈರ್ಯ ಮಾಡಿ ಕೇಳಿದ.

“ಅಕ್ಕಾ, ಅವತ್ತ ಆ ಕಾಗದ ನಾ ತರದ ಇದ್ದಿದ್ರ?”

“ತರದ ಇದ್ದಿದ್ರ ಅವ ಇರತಿದ್ದ,” ಅಂದಳು ಬಾಳವ್ವ, ತಡಮಾಡದೆ. “ದಿನಾ ಅನಸತೈತಿ. ಗಿರಣಿ ಚಾಲೂ ಮಾಡೂ ಮುಂದ ಅನಸತೈತಿ, ಬಂದ್ ಮಾಡೂ ಮುಂದ ಅನಸತೈತಿ. ಕಳಸಬಾರದಿತ್ತು ಅಂತ.”

ದ್ಯಾಮಣ್ಣನ ಬೆರಳುಗಳು ಲಕೋಟೆಯನ್ನು ಬಿಗಿಯಾಗಿ ಹಿಡಿದವು.

“ಹಂಗಾರ ನಾ ಮಾಡಿದ್ದು…”

“ತಡಿ. ನನ್ನ ಮಾತು ಮುಗದಿಲ್ಲ.”

ಅವಳು ಒಂದು ಜೋಳದ ಡಬ್ಬಿಯ ಮೇಲೆ ಕೂತಳು.

“ಹೋಗೂ ಮುಂದ ಅವ ನನ್ನ ಕೇಳಿದ, ಯವ್ವಾ ಹೋಗಲೇನು ಅಂತ. ನಾ ಅತ್ತೆ. ಬೈದೆ. ಎರಡು ದಿನ ಉಣ್ಣಲಿಲ್ಲ. ಮೂರನೇ ದಿನ ಹೋಗಿ ಬಾ ಅಂದೆ. ನನ್ನ ಬಾಯಿಂದ ನಾನ ಅಂದೆ. ಅವ ಕಾಲಿಗೆ ಬಿದ್ದು, ಎದ್ದು, ನನ್ನ ಮಾರಿ ನೋಡಿ ನಕ್ಕ. ಅವನ ಮಾರಿ ಅಂದ್ರ ನನಗ ಅದ ನೆನಪು. ಬ್ಯಾರೆ ಏನೂ ಉಳದಿಲ್ಲ ನನಗ, ಅದೊಂದು ಉಳದೈತಿ.”

ತಲೆ ಎತ್ತಿ ಅವನ ಕಡೆ ನೋಡಿದಳು.

“ನಿನ್ನ ಮಗನ ಮಾರಿ ಈಗ ಹೆಂಗೈತಿ ದ್ಯಾಮಣ್ಣ?”

ಒಂಬತ್ತು ದಿನದಿಂದ ದ್ಯಾಮಣ್ಣ ಮಗನ ಮುಖ ನೋಡಿರಲಿಲ್ಲ. ಇಲ್ಲ ತಮ್ಮಾ ಅನ್ನುವಾಗ ಸೈಕಲ್ಲಿನ ಸ್ಟ್ಯಾಂಡು ಹಾಕುವ ನೆಪದಲ್ಲಿ ಬಗ್ಗುತ್ತಿದ್ದ.

ಬಾಳವ್ವ ಎದ್ದಳು.

“ಹೋಗು. ಪಾಳಿ ಹಚ್ಚಿದಾವರು ಬರತಾರ.”

ಗಿರಣಿ ಮತ್ತೆ ಶುರುವಾಯಿತು. ಆ ಸದ್ದಿನಲ್ಲಿ ಅವನು ಇನ್ನೊಮ್ಮೆ ತಪ್ಪಾತು ಅಂದದ್ದು ಅವಳಿಗೆ ಕೇಳಿಸಿತೋ ಇಲ್ಲವೋ.

*

ಮನೆಗೆ ಹೋಗುವ ದಾರಿಯಲ್ಲಿ ದ್ಯಾಮಣ್ಣ ಸೈಕಲ್ ಹತ್ತಲಿಲ್ಲ. ನೂಕಿಕೊಂಡು ನಡೆದ.

ನಡೆಯುತ್ತ ಹೇಳಬೇಕಾದ ಮಾತುಗಳನ್ನು ಜೋಡಿಸಿಕೊಂಡ. ನಿನ್ನ ಅವ್ವ ತಡಕೊಳ್ಳೂದಿಲ್ಲ. ಊರಾಗ ನಿನಗ ಕೆಲಸ ಇಲ್ಲೇನು. ನಿನಗ ಮಕ್ಕಳಾದಾಗ ತಿಳಿಯತೈತಿ. ಒಂದೊಂದು ಮಾತೂ ಸರಿಯಾಗಿಯೇ ಇತ್ತು. ಮನೆಯ ಬಾಗಿಲು ಕಂಡಾಗ ಒಂದೂ ನೆನಪಿಗೆ ಬರಲಿಲ್ಲ.

ಆ ಸಂಜೆ ಭೀಮಶಿ ಬಾಗಿಲಲ್ಲಿ ನಿಂತಿರಲಿಲ್ಲ. ಹಿತ್ತಲಲ್ಲಿ ಕಟ್ಟಿಗೆ ಒಡೆಯುತ್ತಿದ್ದ. ಅಪ್ಪ ಬಂದದ್ದು ಗೊತ್ತಾದರೂ ತಿರುಗಿ ನೋಡಲಿಲ್ಲ, ಏನೂ ಕೇಳಲಿಲ್ಲ.

“ತಮ್ಮಾ,” ಅಂದ ದ್ಯಾಮಣ್ಣ. “ಬಂದೈತಿ.”

ಭೀಮಶಿ ಕೊಡಲಿ ಬಿಟ್ಟು ಓಡಿ ಬಂದ. ಲಕೋಟೆ ಕೈಯಲ್ಲಿ ಹಿಡಿದು ಹೆಸರು ಓದಿದ. ಮುಖ ಅರಳಿತು. ಆಮೇಲೆ ತಿರುಗಿಸಿ ನೋಡಿದ. ಪೋಸ್ಟ್‌ಮನ್ನನ ಮಗನಿಗೆ ಅಂಚೆಯ ಮುದ್ರೆ ಓದುವುದು ಗೊತ್ತಿತ್ತು.

“ಅಪ್ಪಾ, ನಮ್ಮೂರ ಸಿಕ್ಕಾ ಬಿದ್ದು ಒಂಬತ್ತು ದಿನ ಆಗೇತಿ.”

“ಹೌದು.”

“ಎಲ್ಲಿತ್ತು ಇದು?”

“ನನ್ನ ಅಂಗಿ ಒಳಗ.”

“ದಿನಾ ನಾ ಕೇಳತಿದ್ದೆ.”

“ಹೌದು.”

“ಮೈಯಾಗ ಇಟಕೊಂಡು ಇಲ್ಲ ಅಂತಿದ್ದಿ.”

“ಹೆದರಿದ್ದೆ ತಮ್ಮಾ.”

ಭೀಮಶಿ ಅಪ್ಪನನ್ನು ಬಹಳ ಹೊತ್ತು ನೋಡಿದ. ಲಕೋಟೆಯನ್ನು ಅಲ್ಲಿ ಒಡೆಯಲಿಲ್ಲ. ಒಳಗೆ ಹೋಗಿ ಅವ್ವನ ಎದುರು ಒಡೆದ. ಅವ್ವ ಒಮ್ಮೆ ಅತ್ತದ್ದು, ಆಮೇಲೆ ಒಲೆಯ ಮೇಲೆ ಏನೋ ಇಟ್ಟದ್ದು ಹಿತ್ತಲಿಗೆ ಕೇಳಿಸಿತು. ಉಳಿದ ಕಟ್ಟಿಗೆಯನ್ನು ದ್ಯಾಮಣ್ಣ ಒಡೆದ.

ಮರುದಿನದಿಂದ ಭೀಮಶಿ ಮತ್ತೆ ಓಡತೊಡಗಿದ. ಅಪ್ಪನ ಜೊತೆ ಮಾತ್ರ ಮಾತು ಬಿಟ್ಟ.

ಶುಕ್ರವಾರ ದ್ಯಾಮಣ್ಣ ಮಠಕ್ಕೆ ಹೋದ.

“ಕೊಟ್ಟೆನ್ರಿ. ಮಾತು ಬಿಟ್ಟಾನ.”

“ಬಿಡಲಿ.”

“ನಾಳೆ ಹೋಗತಾನ್ರಿ. ಏನು ಹೇಳಿ ಕಳಸಲಿ?”

“ಟ್ರಂಕಿನ ಭಾರ ಎಷ್ಟೈತಿ?”

“ಬಾಳ ಏನಿಲ್ರಿ.”

“ಬಸ್ ಸ್ಟ್ಯಾಂಡು?”

“ಒಂದು ಮೈಲು.”

“ಹೊರು,” ಅಂದರು ಅಜ್ಜ. “ಅಷ್ಟು ಸಾಕು.”

*

ಶನಿವಾರ ಬೆಳಿಗ್ಗೆ ದ್ಯಾಮಣ್ಣ ರಜೆ ಹಾಕಿದ. ಮಗನ ತಗಡಿನ ಟ್ರಂಕನ್ನು ತಲೆಯ ಮೇಲೆ ಇಟ್ಟುಕೊಂಡ. ಭೀಮಶಿ ಅದನ್ನು ಇಸಿದುಕೊಳ್ಳಲು ಬಂದ. ದ್ಯಾಮಣ್ಣ ಕೊಡಲಿಲ್ಲ. ಅವ್ವ ಹೊಸ್ತಿಲಲ್ಲೇ ನಿಂತಳು, ಬಸ್ ಸ್ಟ್ಯಾಂಡಿಗೆ ಬರುವುದಿಲ್ಲ ಅಂದಳು.

ಮೊದಲು ಮಗ ಹಿಂದೆ ನಡೆದ. ಶಾಲೆ ದಾಟಿದ ಮೇಲೆ ಪಕ್ಕಕ್ಕೆ ಬಂದ. ಕೆನಾಲಿನ ಏರು ಬಂದಾಗ ದ್ಯಾಮಣ್ಣನಿಗೆ ಏದುಸಿರು ಹತ್ತಿತು. ಭೀಮಶಿ ಏನೂ ಹೇಳದೆ ಟ್ರಂಕನ್ನು ಕೆಳಗಿಳಿಸಿ ಒಂದು ಹಿಡಿಕೆ ಹಿಡಿದ. ಇನ್ನೊಂದನ್ನು ಅಪ್ಪ ಹಿಡಿದ. ಇಬ್ಬರೂ ಹೆಜ್ಜೆ ಹೊಂದಿಸಿಕೊಂಡು ನಡೆದರು. ಹೊಂದಿಸದಿದ್ದರೆ ಟ್ರಂಕು ಮೊಣಕಾಲಿಗೆ ಬಡಿಯುತ್ತಿತ್ತು.

ಬಸ್ಸು ಬಂದು ನಿಂತಿತ್ತು. ಉಳಿದ ಇಬ್ಬರು ಹುಡುಗರು ಆಗಲೇ ಹತ್ತಿದ್ದರು. ಅವರ ಮನೆಯವರು ಕಿಟಕಿಯ ಕೆಳಗೆ ನಿಂತು ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದರು.

“ಅಪ್ಪಾ,” ಅಂದ ಭೀಮಶಿ.

ನಾಲ್ಕು ದಿನದ ಮೇಲೆ ಅದು ಅವನ ಮೊದಲ ಮಾತು.

“ಏನು ತಮ್ಮಾ.”

“ನಾ ಕಾಗದ ಬರೀತೇನಿ.”

“ಬರಿ.”

“ಅವ್ವಗ ಓದಾಕ ಬರೂದಿಲ್ಲ. ನೀನ ಓದಿ ಹೇಳಾಂವ.”

“ಹೌದು.”

“ಬರದದ್ದು ಬರದಂಗ ಓದಬೇಕು.”

ದ್ಯಾಮಣ್ಣ ತಲೆಯಾಡಿಸಿದ. ಮಗ ಅಷ್ಟಕ್ಕೆ ಬಿಡಲಿಲ್ಲ.

“ನಾ ಬರದದ್ದ ಇರಲಿ, ನನ್ನ ಸುದ್ದಿ ಬ್ಯಾರೆ ಯಾರರ ಬರದದ್ದ ಇರಲಿ.”

ಡ್ರೈವರ್ ಎಂಜಿನ್ ಚಾಲೂ ಮಾಡಿದ. ದ್ಯಾಮಣ್ಣ ಎರಡು ಸಲ ಬಾಯಿ ತೆರೆದ. ಮೂರನೇ ಸಲ ಮಾತು ಬಂತು.

“ಬರದಂಗ ಓದತೇನಿ.”

ಭೀಮಶಿ ಧೂಳಿನಲ್ಲೇ ಬಗ್ಗಿ ಅಪ್ಪನ ಕಾಲು ಮುಟ್ಟಿದ. ಎದ್ದಾಗ ದ್ಯಾಮಣ್ಣ ಅವನ ಮುಖವನ್ನು ಎರಡೂ ಕೈಯಲ್ಲಿ ಹಿಡಿದ. ಗದ್ದದಲ್ಲಿ ಕ್ಷೌರದ ಬ್ಲೇಡು ತಾಗಿ ಒಂದು ಸಣ್ಣ ಗಾಯವಾಗಿತ್ತು. ಎಡಗಣ್ಣಿನ ಹತ್ತಿರ ಒಂದು ಮಚ್ಚೆ ಇತ್ತು. ಇಪ್ಪತ್ತು ವರ್ಷದಿಂದ ಅದು ಅಲ್ಲೇ ಇತ್ತು.

ಕಂಡಕ್ಟರ್ ಸೀಟಿ ಊದಿದ. ಕಾದ. ಇನ್ನೊಮ್ಮೆ ಊದಿದ.

“ಹೋಗಿ ಬಾ,” ಅಂದ ದ್ಯಾಮಣ್ಣ.

*

ಅವತ್ತು ಮಧ್ಯಾಹ್ನ ಅವನು ಮಠಕ್ಕೆ ನಡೆದುಕೊಂಡೇ ಬಂದ. ಅಜ್ಜ ಹೊಳೆಯ ಮೆಟ್ಟಿಲ ಮೇಲೆ ಕೂತು ಧೋತರ ಒಗೆಯುತ್ತಿದ್ದರು. ದ್ಯಾಮಣ್ಣ ಒಂದು ಮೆಟ್ಟಿಲು ಮೇಲೆ ಕೂತ.

“ಹೋದನೇನು?”

“ಹೋದ್ರಿ.”

ಅಜ್ಜ ಧೋತರ ಹಿಂಡಿದರು. ಒಂದು ತುದಿಯನ್ನು ಶಿಷ್ಯನ ಕೈಗೆ ಕೊಟ್ಟರು. ಇಬ್ಬರೂ ಸೇರಿ ಕೊಡವಿ ಕಲ್ಲಿನ ಮೇಲೆ ಹರವಿದರು.

“ಅಜ್ಜಾರ, ನಾ ಒಂದು ತಪ್ಪು ತಿಳಕೊಂಡಿದ್ದೆ.”

“ಏನು?”

“ಕಾಗದ ಕೊಟ್ಟುಬಿಟ್ಟೆ ಅಂದ್ರ ಹೆದರಿಕಿ ಹೋಗತೈತಿ ಅಂತ. ಹೋಗಿಲ್ರಿ. ಬಸ್ಸು ತಿರುವಿನ್ಯಾಗ ಮರೀ ಆತಲ್ಲ, ಆವಾಗ ಇನ್ನೂ ಹೆಚ್ಚಾತು.”

“ಹೋಗತೈತಿ ಅಂತ ಯಾರು ಹೇಳಿದ್ರು?”

“ಯಾರೂ ಹೇಳಿಲ್ರಿ.”

ಹೊಳೆಯ ಆಚೆ ದಂಡೆಯಲ್ಲಿ ಯಾರೋ ಎಮ್ಮೆ ಮೈ ತೊಳೆಯುತ್ತಿದ್ದರು. ನೀರಿನ ಸದ್ದು ಈಚೆಗೆ ತಡವಾಗಿ ಬರುತ್ತಿತ್ತು.

“ಬಸ್ಸು ಹತ್ತೂ ಮುಂದ ಭೀಮಶಿ ಮಾರಿ ನೋಡಿದೇನು?”

“ನೋಡಿದೆನ್ರಿ.”

“ಅದರಾಗ ಹೆದರಿಕಿ ಇತ್ತೇನು?”

ದ್ಯಾಮಣ್ಣ ನೆನಪು ಮಾಡಿಕೊಂಡ.

“ಇರಲಿಲ್ರಿ.”

ಅಜ್ಜ ಧೋತರದ ಮೂಲೆಯ ಮೇಲೆ ಒಂದು ಕಲ್ಲು ಇಟ್ಟರು.

“ಮತ್ತ ನನ್ನ ಕಡೆ ಇದ್ದದ್ದನ್ನ ನಾ ಏನು ಮಾಡಲ್ರಿ?”

“ಇಟಗೋ,” ಅಂದರು ಅಜ್ಜ. “ಅದು ನಿನ್ನ ಕಡೆ ಉಳದೈತಿ ಅಂತನ ಅವ ಹಗುರಾಗಿ ಹೋಗ್ಯಾನ.”